ಹಾಡು ಕಟ್ಟಲು ಕಲಿಸುವವರು ಇನ್ನೂ ಇದ್ದಾರೆ, ಕಲಿಯುವವರನ್ನು ಅವರ ಮುಂದೆ ಕೂರಿಸಿ

ಮಾನ್ಯ ಸಂಪಾದಕರೇ,

ಹಾಡು ಬರೆಯುವುದು ಹುಟ್ಟಿನಿಂದಲೇ ಬರಬೇಕಾದ ವಿದ್ಯೆಯೆಂದೂ, ಅದನ್ನು ತರಗತಿ ನಡೆಸಿ ಕಲಿಸಹೊರಡುವುದು ಸರ್ಕಾರದ ಹಣ ಪೋಲಾಗುವ ಇನ್ನೊಂದು ದಾರಿಯೆಂದೂ ವಾದಿಸಿದ ಓದುಗರೊಬ್ಬರ ಪತ್ರ ಇತ್ತೀಚೆಗೆ ತಮ್ಮ ಪತ್ರಿಕೆಯಲ್ಲಿ ಪ್ರಕಟವಾಗಿತ್ತು. ತಮ್ಮ ಮಾತಿಗೆ ಆಧಾರವಾಗಿ ಅವರು ನಮ್ಮ ಜಿಲ್ಲೆಯ ಎಲ್ಲ ವೇದಿಕೆಗಳ ಮೇಲೂ ಕೇಳಿಬರುವ ‘ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್’ (ಓದಿ ಕಲಿಯದೆಯೂ ಕಾವ್ಯ ಕಟ್ಟುವುದರಲ್ಲಿ ನುರಿತವರು) ಎಂಬ ಮಾತನ್ನೇ ಮುಂದಿಟ್ಟಿದ್ದರು. ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವವಳಾಗಿ, ಹಾಗೂ ಸೇಡಂ ತಾಲ್ಲೂಕಿನ ಹಳ್ಳಿಯೊಂದರ ಭಜನಾ ಮೇಳದ ಹಿರಿಯರೊಬ್ಬರ ಬಳಿ ಹಾಡು ಕಟ್ಟುವುದನ್ನು ಈಗಲೂ ಕಲಿಯುತ್ತಿರುವವಳಾಗಿ, ನಾನು ಆ ವಾದವನ್ನು ಒಪ್ಪಲಾರೆ. ಅವರು ಆಧಾರವೆಂದು ಕೊಟ್ಟ ಮಾತೇ ಅವರ ವಾದಕ್ಕೆ ಎದುರು ನಿಲ್ಲುತ್ತದೆ ಎಂಬುದನ್ನು ಮೊದಲು ಹೇಳಬೇಕಾಗಿದೆ.

ಆ ಮಾತು ಬರುವುದು ಕವಿರಾಜಮಾರ್ಗದಲ್ಲಿ. ಕ್ರಿ.ಶ. 850ರ ಸುಮಾರಿಗೆ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ನಮ್ಮದೇ ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಂಡೆಯ ಮೇಲಿರುವ ಇಂದಿನ ಮಳಖೇಡ ರಾಜಧಾನಿಯಾಗಿದ್ದಾಗ, ಶ್ರೀವಿಜಯ ರಚಿಸಿದ ಗ್ರಂಥವದು. ಅದು ಕಥೆ ಹೇಳುವ ಕಾವ್ಯವಲ್ಲ. ಕಾವ್ಯ ಬರೆಯುವವರಿಗೆ ದಾರಿ ತೋರಿಸುವ ಪಾಠ. ಅದರ ಮೊದಲ ಪರಿಚ್ಛೇದವೇ ಪದ್ಯ ಎಲ್ಲೆಲ್ಲಿ ಕೆಡುತ್ತದೆ, ಕೆಡದಂತೆ ಹೇಗೆ ಬರೆಯಬೇಕು ಎಂಬುದನ್ನು ಉದಾಹರಣೆ ಕೊಟ್ಟು ವಿವರಿಸುತ್ತದೆ. ಉಳಿದೆರಡು ಶಬ್ದದ ಮತ್ತು ಅರ್ಥದ ಅಲಂಕಾರಗಳನ್ನು ಕಲಿಸುತ್ತವೆ. ಓದದೆಯೂ ಕಾವ್ಯ ಬಲ್ಲ ಜನರೆಂದು ನಾಡನ್ನು ಹೊಗಳಿದ ಲೇಖಕನೇ, ಅದೇ ಜನರಿಗಾಗಿ ಕುಳಿತು ಮೂರು ಪರಿಚ್ಛೇದಗಳಷ್ಟು ಪಾಠ ಬರೆದಿದ್ದಾನೆ. ನಾಡವರ ಕಿವಿ ಚುರುಕಾಗಿದೆ, ಆದ್ದರಿಂದ ಇವರಿಗೆ ಕಲಿಸಿದರೆ ಫಲ ಬರುತ್ತದೆ ಎಂಬುದು ಅವನ ಲೆಕ್ಕಾಚಾರವಾಗಿದ್ದಿರಬೇಕು ಎಂದು ನಾನು ಭಾವಿಸುತ್ತೇನೆ. ಮುಂದೆ ಹತ್ತನೆಯ ಶತಮಾನದ ಕೊನೆಗೆ ನಾಗವರ್ಮ ತನ್ನ ಛಂದೋಂಬುಧಿಯನ್ನು ಹೆಂಡತಿಯನ್ನು ಉದ್ದೇಶಿಸಿಯೇ ಬರೆದ. ಕನ್ನಡದ ಅಷ್ಟು ಹಳೆಯ ಛಂದಸ್ಸಿನ ಪಾಠ ಹೆಣ್ಣೊಬ್ಬಳಿಗೆ ಹೇಳಿದ ಪಾಠವೆಂಬುದನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಇನ್ನು, ನಮ್ಮ ಹಳ್ಳಿಗಳಲ್ಲಿ ಅಕ್ಷರ ಬಾರದವರು ಹಾಡು ಕಟ್ಟಿದರಲ್ಲವೇ ಎಂಬ ಪ್ರಶ್ನೆ. ಕಟ್ಟಿದರು, ಆದರೆ ಗುರುವಿಲ್ಲದೆ ಕಟ್ಟಲಿಲ್ಲ. ಬೀಸುವ ಕಲ್ಲಿನ ಎದುರು ಇಬ್ಬರು ಹೆಂಗಸರು ಕೂತಾಗ ಹಿರಿಯಳು ಹಾಡಿದ್ದನ್ನು ಕಿರಿಯಳು ಹಿಂದಿನಿಂದ ಎತ್ತಿಕೊಳ್ಳುತ್ತಿದ್ದಳು. ತ್ರಿಪದಿಯ ಎರಡನೆಯ ಸಾಲನ್ನು ಮರಳಿ ಹಾಡುವಷ್ಟರಲ್ಲಿ ಮೂರನೆಯದು ಬಾಯಿಗೆ ಬರಬೇಕೆಂಬುದನ್ನು ಅವಳು ಕಲಿತದ್ದು ಹಾಗೆ. ಕಣದಲ್ಲಿ ರಾತ್ರಿಯಿಡೀ ಎತ್ತುಗಳಿಂದ ತೆನೆ ತುಳಿಸುತ್ತ ಹಂತಿ ಹೊಡೆಯುವಾಗ ಹಂತಿಯ ಪದ ಹೇಳುವವನೊಬ್ಬ, ಸೊಲ್ಲು ಹಿಡಿಯುವ ಎಳೆಯರು ನಾಲ್ಕಾರು ಮಂದಿ ಇರುತ್ತಿದ್ದರು. ಎರಡು ಪಕ್ಷವಾಗಿ ಹಾಡಿನಲ್ಲೇ ವಾದಿಸುವ ಹರದೇಶಿ–ನಾಗೇಶಿಯ ಗೀಗೀ ಮೇಳಗಳಲ್ಲಿ ಎದುರು ಮೇಳದವರ ಪ್ರಶ್ನೆಗೆ ನಿಂತ ನಿಲುವಿನಲ್ಲೇ ಪದ ಕಟ್ಟಿ ಉತ್ತರಿಸಬೇಕಾಗಿದ್ದುದರಿಂದ, ತುಂತುಣಿಯೆಂಬ ಒಂಟಿ ತಂತಿಯ ವಾದ್ಯ ಹಿಡಿದು ವರ್ಷಗಟ್ಟಲೆ ಹಿಂದೆ ನಿಂತು ಕೇಳದವನಿಗೆ ಮುಂದೆ ಬರುವ ಅವಕಾಶವೇ ಇರಲಿಲ್ಲ. ಮೊಹರಮ್ಮಿನ ರಿವಾಯತ ಪದಗಳನ್ನು ಹಾಡುವವರಿಗೂ ಹೇಳಿಕೊಡುವ ಹಿರಿಯರಿದ್ದರು. ಹಿಟ್ಟಿನ ಗಿರಣಿ ಬಂತು, ರಾಶಿ ಮಾಡುವ ಯಂತ್ರ ಬಂತು. ಹೆಂಗಸರ ಬೆನ್ನು ನೋವು ತಪ್ಪಿತೆಂಬುದಕ್ಕೆ ನನ್ನ ತಕರಾರಿಲ್ಲ. ಆದರೆ ಕೆಲಸದ ಜೊತೆಗೇ ನಡೆಯುತ್ತಿದ್ದ ಈ ಪಾಠಶಾಲೆಗಳೂ ಆಗ ಮುಚ್ಚಿದವು. ಕಲಿಸುವ ಜಾಗ ಹೋದ ಮೇಲೆ ಕಲಿಕೆ ತಾನಾಗಿಯೇ ನಡೆದೀತೆಂದು ಕಾಯುವುದು ಸರಿಯಲ್ಲ.

ಕಲಿಸುವುದೆಂದರೆ ನಿಜವಾಗಿ ಏನು ನಡೆಯುತ್ತದೆ ಎಂಬುದನ್ನು ಕಂಡದ್ದನ್ನು ಕಂಡಂತೆ ಹೇಳಿದರೆ ವಾದ ಸ್ಪಷ್ಟವಾದೀತು. ನಾವು ಭಾನುವಾರಗಳಂದು ಗುಡಿಯ ಪಡಸಾಲೆಯಲ್ಲಿ ಸೇರುವ ಕೆಲವರಿದ್ದೇವೆ. ಹೇಳಿಕೊಡುವ ಹಿರಿಯರನ್ನು ಊರವರೆಲ್ಲ ಮುತ್ಯಾ ಎನ್ನುತ್ತಾರೆ. ಅವರು ನಾಲ್ಕನೆಯ ಇಯತ್ತೆ ದಾಟಿದವರಲ್ಲ. ಜೊತೆಗೆ ಪೇಟಿ (ಹಾರ್ಮೋನಿಯಂ) ಬಾರಿಸುವವರೊಬ್ಬರು, ತಬಲಾದ ಮೇಲೆ ಒಬ್ಬ ಹುಡುಗ. ಮೊದಲ ಕೆಲವು ತಿಂಗಳು ಹೊಸ ಧಾಟಿಯನ್ನು ಯಾರೂ ಮುಟ್ಟುವಂತಿಲ್ಲ. ಹಳೆಯ ತತ್ವಪದವೊಂದರ ಧಾಟಿ ಹಿಡಿದು ಅದಕ್ಕೆ ನಮ್ಮ ಮಾತು ಕೂಡಿಸಿಕೊಂಡು ಹೋಗಬೇಕು. ಹಾಳೆಯನ್ನು ಅವರು ಕೈಗೆ ತೆಗೆದುಕೊಳ್ಳುವುದೇ ಇಲ್ಲ, ಹಾಡಿಸಿಯೇ ಕೇಳುತ್ತಾರೆ. ಬಯಲಾಟದ ಮಾಸ್ತರರೂ ಪದದ ಮೇಲೆ ಧಾಟಿಯ ಹೆಸರು ಬರೆದೇ ಮುಂದುವರಿಯುತ್ತಿದ್ದುದರಿಂದ ಇದು ಮುತ್ಯಾ ಅವರೊಬ್ಬರ ಪದ್ಧತಿಯೇನಲ್ಲ.

ನಮ್ಮೊಡನೆ ಕಲಿಯುವ ಕಾಲೇಜು ಹುಡುಗನೊಬ್ಬ ದಾದರಾ ತಾಳಕ್ಕೆಂದು ಒಮ್ಮೆ ‘ತೊಗರಿ ಹೂವು ಅರಳಿದೆ ನಮ್ಮ ಹೊಲದಲ್ಲಿ’ ಎಂಬ ಸಾಲನ್ನು ತಂದಿದ್ದ. ದಾದರಾ ಮೂರು ಮೂರರಂತೆ ಆರು ಮಾತ್ರೆಗಳ ತಾಳ. ಲಘುವಿಗೆ ಒಂದು, ಗುರುವಿಗೆ ಎರಡು ಎಂದು ಎಣಿಸಿದರೆ ಸಾಲಿನಲ್ಲಿ 18 ಮಾತ್ರೆಗಳಿವೆ. ತಾಳದ ಮೂರು ಸುತ್ತಿಗೆ, ಅಂದರೆ ಮೂರು ಆವರ್ತಕ್ಕೆ, ಸರಿಯಾಗಿ ಕೂರುತ್ತದೆ. ನಾನು ಶಾಲೆಯಲ್ಲಿ ಹತ್ತನೆಯ ತರಗತಿಗೆ ಪ್ರಸ್ತಾರ ಹಾಕಿಸುವ ರೂಢಿಯಿಂದ ಬೆರಳೆಣಿಸಿ ‘ಲೆಕ್ಕ ಸರಿ ಇದೆ’ ಎಂದೆ. ‘ಲೆಕ್ಕ ಖರೇ ಅದ ಅಕ್ಕೋರೆ, ಹಾಡ್ಲಾಕ ಬರಂಗಿಲ್ಲ’ ಎಂದರು ಮುತ್ಯಾ. ಹುಡುಗನಿಂದ ತಾಳ ಹಾಕಿಸಿ ಹಾಡಿಸಿದಾಗ ಕಾರಣ ತಿಳಿಯಿತು: ‘ನಮ್ಮ’ ಎಂಬ ಮಾತಿನ ಅರ್ಧ ಎರಡನೆಯ ಆವರ್ತದ ಬಾಲದಲ್ಲಿ ಉಳಿದು, ತಾಳದ ದೊಡ್ಡ ಪೆಟ್ಟು ಕೊನೆಯ ‘ಮ’ ಅಕ್ಷರದ ಮೇಲೆ ಬೀಳುತ್ತಿತ್ತು. ‘ತಮ್ಮಾ, ನಮ್ಮ ಅಂಬೋದು ಯಾಕ ಕಡದಿ?’ ಎಂದು ಕೇಳಿದರೇ ಹೊರತು ತಾವೇ ತಿದ್ದಿ ಕೊಡಲಿಲ್ಲ. ಮುಂದಿನ ವಾರ ಅವನು ‘ತೊಗರಿ ಹೂವು ಅರಳಿ ನಮ್ಮ ಹೊಲದ ತುಂಬ’ ಎಂದು ತಂದ. ಮಾತ್ರೆಗಳು ಆಗಲೂ 18, ಈಗಲೂ 18. ಆದರೆ ಈಗ ಪ್ರತಿ ಮೂರು ಮಾತ್ರೆಗೆ ಒಂದು ಮಾತು ಮುಗಿಯುತ್ತದೆ, ಪೆಟ್ಟು ಬೀಳುವ ಕಡೆ ಮಾತು ಶುರುವಾಗುತ್ತದೆ. ಕೇಳಿದವರೆಲ್ಲ ಒಡನೆಯೇ ದನಿಗೂಡಿಸಿದರು.

ಈ ಒಂದು ತಿದ್ದುಪಡಿ ನನಗೆ ಪದವಿ ತರಗತಿಯ ಛಂದಸ್ಸಿನ ಪತ್ರಿಕೆ ಕಲಿಸದ್ದನ್ನು ಕಲಿಸಿತು. ಭಾಮಿನಿ ಷಟ್ಪದಿಯ ಚಿಕ್ಕ ಸಾಲಿಗೆ ಮೂರು–ನಾಲ್ಕರ ಗಣಗಳಲ್ಲಿ 14 ಮಾತ್ರೆ, ಮೂರನೆಯ ಮತ್ತು ಆರನೆಯ ಸಾಲಿಗೆ ಕೊನೆಯ ಗುರು ಸೇರಿ 23 ಎಂದು ಮಕ್ಕಳಿಗೆ ಎಷ್ಟೋ ಬಾರಿ ಬರೆಸಿದ್ದೇನೆ. ಏಳು ಮಾತ್ರೆಯ ರೂಪಕ ತಾಳದ ಎರಡು ಆವರ್ತ ಸೇರಿದರೆ ಅದೇ 14 ಎಂಬುದನ್ನು, ಆದ್ದರಿಂದಲೇ ಕಾವ್ಯವನ್ನು ರಾಗವಾಗಿ ಓದುವ ಗಮಕಿಗಳ ಬಾಯಲ್ಲಿ ಅದಕ್ಕೊಂದು ತೂಗು ಬರುತ್ತದೆಂಬುದನ್ನು, ನಮಗೆ ಯಾರೂ ಕರಿಹಲಗೆಯ ಮುಂದೆ ನಿಂತು ಹಾಡಿ ತೋರಿಸಲಿಲ್ಲ. ರಾಜ್ಯದ ಮಕ್ಕಳೆಲ್ಲ ಪರೀಕ್ಷೆಗಾಗಿ ಸಾಲಿನ ಮೇಲೆ ಗುರು–ಲಘುಗಳ ಗೆರೆ ಎಳೆಯುತ್ತಾರೆ. ಅದು ಕಿವಿಗೆ ಕೇಳಬೇಕಾದ ಸಂಗತಿಯೆಂದು ತಿಳಿಯದೆಯೇ ಅಂಕ ಪಡೆದು ಮುಂದೆ ಹೋಗುತ್ತಾರೆ.

ಪಲ್ಲವಿಯ ವಿಷಯವಂತೂ ಗುರುವಿಲ್ಲದೆ ತಿಳಿಯುವುದೇ ಕಷ್ಟ. ಹೊಸದಾಗಿ ಬರೆಯುವವರು ಪಲ್ಲವಿಯನ್ನು ಮೊದಲ ಎರಡು ಸಾಲು ಎಂದಷ್ಟೇ ತಿಳಿದು, ಅದನ್ನು ಮರೆತು ನುಡಿಗಳನ್ನು, ಅಂದರೆ ಚರಣಗಳನ್ನು, ಬರೆಯುತ್ತ ಹೋಗುತ್ತಾರೆ. ಮೇಳದಲ್ಲಿ ಪ್ರತಿ ನುಡಿ ಮುಗಿದೊಡನೆ ಹಿಮ್ಮೇಳದವರು ಪಲ್ಲವಿಯನ್ನು ಎತ್ತಿಕೊಳ್ಳುತ್ತಾರೆ. ನುಡಿಯ ಕೊನೆಯ ಮಾತು ಪಲ್ಲವಿಯ ಮೊದಲ ಮಾತಿಗೆ ಕೂಡಿಕೊಳ್ಳದಿದ್ದರೆ ಹಾಡು ಪ್ರತಿ ಸಲವೂ ಅಲ್ಲಿ ಎಡವುತ್ತದೆ. ಮೇಲಿನ ಹಾಡಿನಲ್ಲೇ, ಮೊದಲ ನುಡಿಯನ್ನು ಆ ಹುಡುಗ ‘ನಸುಕಿನಲ್ಲಿ ಬಾಗಿಲಾಚೆ ಕರೆದುದೇನು’ ಎಂಬ ಪ್ರಶ್ನೆಯಿಂದ ಮುಗಿಸುವಂತಾಗುವವರೆಗೆ ಮುತ್ಯಾ ಬಿಡಲಿಲ್ಲ. ಹಾಡುವವನು ಪ್ರಶ್ನೆ ಕೇಳುತ್ತಾನೆ, ಹಿಮ್ಮೇಳ ‘ತೊಗರಿ ಹೂವು’ ಎಂದು ಉತ್ತರಿಸುತ್ತದೆ. ಪಲ್ಲವಿಯ ಅದೇ ಮಾತು ಎರಡನೆಯ ಸಲ ಬರುವಾಗ ಬೇರೆ ಅರ್ಥ ಹೊತ್ತು ಬರಬೇಕೆಂದು ಅವರು ಹಟ ಹಿಡಿಯುತ್ತಾರೆ. ಸಾಲ ತೀರದ ವರ್ಷದ ಬಗ್ಗೆ ಇರುವ ಕೊನೆಯ ನುಡಿಯಾದ ಮೇಲೆ ಅದೇ ಹೂವು ಸಂತೋಷದ ಹೂವಾಗಿ ಉಳಿಯಲಿಲ್ಲ. ಜೊತೆಗೆ ಕೆಲವು ಸಣ್ಣ ಸಂಗತಿಗಳೂ ಉಂಟು: ದನಿ ಎತ್ತರಕ್ಕೆ ಹೋಗಿ ನಿಲ್ಲುವ ಕಡೆ ಒತ್ತಕ್ಷರದ ಮಾತು ಇಟ್ಟರೆ ಉಸಿರು ಅಲ್ಲಿಯೇ ಕಡಿದುಹೋಗುತ್ತದೆ, ಆ, ಏ, ಓಗಳಂಥ ದೀರ್ಘಸ್ವರವಿದ್ದರೆ ಎಳೆಯಬಹುದು, ಒಂದು ಮಾತ್ರೆ ಕಡಿಮೆಯಾದರೆ ಹಾಡುವವನು ತುಂಬಿಕೊಳ್ಳುತ್ತಾನೆ, ಹೆಚ್ಚಾದರೆ ಅಕ್ಷರ ನುಂಗಬೇಕಾಗುತ್ತದೆ, ಆದ್ದರಿಂದ ತಪ್ಪುವುದಾದರೆ ಕಡಿಮೆಯ ಕಡೆಗೇ ತಪ್ಪಬೇಕು. ಸಾಲಿನ ಕೊನೆಗೆ ಪ್ರಾಸ ಸೇರಿಸಲು ಎಲ್ಲರೂ ಒದ್ದಾಡುತ್ತಾರೆ; ಎರಡನೆಯ ಅಕ್ಷರದ ಪ್ರಾಸ ಕನ್ನಡಕ್ಕೆ ಅದಕ್ಕಿಂತ ಹಳೆಯದೆಂಬುದು, ‘ತೊಗರಿ’ಯ ಕೆಳಗೆ ‘ಸೊಗಸು’ ಬಂದರೆ ಸಾಲಿನ ಬಾಯಿಯಲ್ಲೇ ನಾದ ಹುಟ್ಟುತ್ತದೆಂಬುದು ಹಾಡಿದಾಗಲೇ ಮನಸ್ಸಿಗೆ ಬರುತ್ತದೆ.

ಭಾಷೆಯ ಬಗ್ಗೆಯೂ ಒಂದು ಮಾತು ಸೇರಿಸಬೇಕು, ಏಕೆಂದರೆ ನಮ್ಮ ಕಡೆಯ ಯುವಕರು ಹಾಡು ಬರೆಯಲು ಕುಳಿತೊಡನೆ ಮೊದಲು ಬಿಟ್ಟುಕೊಡುವುದು ತಮ್ಮ ಮನೆಯ ಮಾತನ್ನು. ‘ಬರುತ್ತದೆ’ ಎಂದರೆ ಐದು ಮಾತ್ರೆ, ನಮ್ಮ ‘ಬರ್ತದ’ ಎಂದರೆ ನಾಲ್ಕು. ನಾಲ್ಕು ನಾಲ್ಕರಂತೆ ನಡೆಯುವ ಕೆಹರವಾ ತಾಳಕ್ಕೆ, ಭಜನೆಯ ಬಹುಪಾಲು ಪದಗಳು ನಡೆಯುವ ನಡೆಗೆ, ಎರಡನೆಯದು ಎಳೆದಾಟವಿಲ್ಲದೆ ಹೊಂದುತ್ತದೆ. ಪುಸ್ತಕದ ರೂಪವೇ ಶುದ್ಧವೆಂದು ನಂಬಿದವರು ಇಲ್ಲಿ ಐದನ್ನು ನಾಲ್ಕಕ್ಕೆ ತುರುಕಲು ಹೋಗಿ, ಕೊನೆಗೆ ಹಾಡೇ ತಮಗೆ ಒಲಿಯಲಿಲ್ಲವೆಂದು ಕೈಬಿಡುವುದನ್ನು ನೋಡಿದ್ದೇನೆ. ಕಲಬುರಗಿಯ ಮಾತಿನಲ್ಲಿ ಉರ್ದು, ಮರಾಠಿ, ತೆಲುಗುಗಳಿಂದ ಬಂದು ನಮ್ಮವೇ ಆಗಿರುವ ಪದಗಳಿವೆ. ಅವನ್ನು ಎಲ್ಲಿ ಇಟ್ಟರೆ ಹಾಡಿಗೆ ಕಳೆ ಬರುತ್ತದೆ, ಎಲ್ಲಿ ಇಟ್ಟರೆ ಬರೀ ನಗೆಚಾಟಿಕೆಯಾಗುತ್ತದೆ ಎಂಬ ವಿವೇಕವನ್ನು ಆ ಮಾತಿನಲ್ಲೇ ಹಾಡಿ ಮುಪ್ಪಾದವರು ಹೇಳಿಕೊಡಬೇಕೇ ಹೊರತು ನನ್ನಂಥವರು ಹೇಳಿಕೊಡಲಾಗದು.

ಗುರುವಿನ ಬಳಿ ಕಲಿತವರೆಲ್ಲ ಗುರುವಿನಂತೆಯೇ ಬರೆಯುತ್ತಾರೆ, ಸ್ವಂತಿಕೆ ಸಾಯುತ್ತದೆ ಎಂಬ ಆಕ್ಷೇಪವನ್ನೂ ಆ ಪತ್ರದಲ್ಲಿ ಎತ್ತಲಾಗಿತ್ತು. ಈ ಭಯ ಸುಳ್ಳೆಂದು ನಾನು ಹೇಳುವುದಿಲ್ಲ. ಶಿಷ್ಯನ ಸಾಲನ್ನು ಕಿತ್ತು ತನ್ನ ಸಾಲನ್ನು ಕೂರಿಸುವ ಗುರುಗಳು ಎಲ್ಲ ವಿದ್ಯೆಗಳಲ್ಲಿಯೂ ಇರುತ್ತಾರೆ, ಅಂಥವರಿಂದ ದೂರ ಇರುವುದೇ ಕ್ಷೇಮ. ಆದರೆ ನಮ್ಮ ನೆಲದ ಇತಿಹಾಸ ಬೇರೆಯದನ್ನೇ ತೋರಿಸುತ್ತದೆ. ಇಂದಿನ ಯಡ್ರಾಮಿ ತಾಲ್ಲೂಕಿನ ತತ್ವಪದಕಾರ ಕಡಕೋಳದ ಮಡಿವಾಳಪ್ಪನವರ ಶಿಷ್ಯರಾಗಿ ಖೈನೂರ ಕೃಷ್ಣಪ್ಪ, ಚೆನ್ನೂರ ಜಲಾಲಸಾಹೇಬ, ತೆಲುಗಬಾಳ ರೇವಪ್ಪ ಮೊದಲಾದವರು ಪದ ಕಟ್ಟಿದರು. ಜಾತಿ, ಮತ, ಊರು ಬೇರೆ ಬೇರೆಯಾಗಿದ್ದ ಇವರೆಲ್ಲ ಒಬ್ಬ ಗುರುವಿನ ದಾರಿ ಹಿಡಿದವರಾದರೂ ಇಂದಿಗೂ ಭಜನೆಯ ರಾತ್ರಿಗಳಲ್ಲಿ ಇದು ಮಡಿವಾಳಪ್ಪನವರದು, ಇದು ಜಲಾಲಸಾಹೇಬರದು ಎಂದು ಬಿಡಿಸಿ ಹೇಳಿಯೇ ಹಾಡುತ್ತಾರೆ. ತತ್ವಪದಕಾರರಲ್ಲಿ ಅನೇಕರು ಹಾಡಿನ ಕೊನೆಗೆ ಗುರುವಿನ ಹೆಸರನ್ನು ಅಂಕಿತವಾಗಿ ಇಟ್ಟರೂ ಪದದೊಳಗಿನ ದನಿ ಅವರದಾಗಿಯೇ ಉಳಿಯಿತು. ಹಾಗೆ ಉಳಿಯಲು, ಪ್ರಶ್ನೆ ಕೇಳಿ ಸುಮ್ಮನಾಗುವ, ತಿದ್ದುವ ಕೆಲಸವನ್ನು ಶಿಷ್ಯನಿಗೇ ಬಿಡುವ ಗುರು ಬೇಕು.

ಹಾಗಾದರೆ ಇದಕ್ಕೆ ಸರ್ಕಾರ ಏಕೆ ಬೇಕು, ಕಲಿಯುವವರು ಹೋಗಿ ಕಲಿಯಲಿ ಎನ್ನಬಹುದು. ಈಗ ನಡೆಯುತ್ತಿರುವುದನ್ನು ನೋಡಿದರೆ ಉತ್ತರ ಸಿಗುತ್ತದೆ. ಗೀತರಚನಾ ಕಮ್ಮಟವೆಂಬ ಹೆಸರಿನಲ್ಲಿ ನಮ್ಮ ನಗರದಲ್ಲಿ ನಡೆದ ಕಾರ್ಯಕ್ರಮವೊಂದಕ್ಕೆ ನಾನೂ ಹೋಗಿದ್ದೆ. ಸಂಘಟಕರ ಹೆಸರು ಇಲ್ಲಿ ಅಗತ್ಯವಿಲ್ಲ. ಬೆಳಗಿನ ಹೊತ್ತು ಉದ್ಘಾಟನೆ, ಸನ್ಮಾನ, ಶಾಲು–ಹಾರಗಳಲ್ಲಿ ಕಳೆಯಿತು. ಊಟದ ನಂತರ ತುಂಬಿದ ಸಭಾಂಗಣಕ್ಕೆ ಎರಡು ಉಪನ್ಯಾಸಗಳಾದವು. ಸಂಜೆ ಎಲ್ಲರಿಗೂ ಪ್ರಮಾಣಪತ್ರ ಸಿಕ್ಕಿತು. ಯಾರೊಬ್ಬರ ಒಂದು ಸಾಲನ್ನೂ ಯಾರೂ ಹಾಡಿಸಿ ಕೇಳಲಿಲ್ಲ. ಈಜು ಕಲಿಸುತ್ತೇವೆಂದು ಕರೆದು ಬಾವಿಯ ದಂಡೆಯ ಮೇಲೆ ಭಾಷಣ ಮಾಡಿ ಕಳಿಸಿದಂತಾಯಿತು. ಇತ್ತ, ನಿಜವಾಗಿ ಕಲಿಸಬಲ್ಲವರು ಚಿತ್ತಾಪುರ, ಸೇಡಂ, ಅಫಜಲಪುರ, ಜೇವರ್ಗಿ, ಆಳಂದದ ಹಳ್ಳಿಗಳಲ್ಲಿ, ಶ್ರಾವಣದ ಭಜನೆಗೊಮ್ಮೆ, ಜಾತ್ರೆಗೊಮ್ಮೆ ಕರೆ ಬಂದರೆ ಹಾಡಿ, ಉಳಿದ ದಿನ ಹೊಲದ ಕೆಲಸಕ್ಕೆ ಹೋಗುತ್ತಾರೆ. ಅಕಾಡೆಮಿಗಳು ಗುರು–ಶಿಷ್ಯ ಪರಂಪರೆಯ ಹೆಸರಿನಲ್ಲಿ ತರಬೇತಿ ನಡೆಸಿದ್ದುಂಟು, ಅದು ಒಳ್ಳೆಯ ಕೆಲಸವೇ. ಆದರೆ ಅಲ್ಲಿ ನಾನು ಕಂಡದ್ದು ಇದ್ದ ಹಾಡನ್ನು ಹಾಡಲು, ವಾದ್ಯ ನುಡಿಸಲು ಕಲಿಸುವುದನ್ನು. ಹೊಸ ಪದ ಕಟ್ಟುವುದನ್ನು ಯಾರೂ ಪಾಠವೆಂದು ಎಣಿಸಿಯೇ ಇಲ್ಲ. ಹೀಗಾಗಿ ಹಾಡು ಬರೆಯುವ ಆಸೆಯಿರುವ ಹುಡುಗರು ಮೊಬೈಲಿನಲ್ಲಿ ಸಿದ್ಧ ಟ್ರ್ಯಾಕ್ ಹಾಕಿಕೊಂಡು, ಕೇಳಿದ ಹಾಡಿನ ಮಾತುಗಳನ್ನೇ ಅದಲುಬದಲು ಮಾಡಿ ಯೂಟ್ಯೂಬಿಗೆ ಏರಿಸುತ್ತಾರೆ. ಅವರನ್ನು ಬೈಯುವವರು ಬಹಳ. ಅವರಲ್ಲಿ ಕೆಲವರ ಕಿವಿ ಎಷ್ಟು ಚೆನ್ನಾಗಿದೆಯೆಂದರೆ, ಕೂರಿಸಿಕೊಂಡು ಎರಡು ಸಾಲು ತಿದ್ದುವವರು ಸಿಕ್ಕರೆ ಒಳ್ಳೆಯ ಪದ ಬರೆದಾರು ಎಂದು ನನಗೆ ಅನೇಕ ಸಲ ಅನ್ನಿಸಿದೆ.

ಆದ್ದರಿಂದ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮುಂದೆಯೂ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಮುಂದೆಯೂ ನನ್ನ ಬೇಡಿಕೆ ಚಿಕ್ಕದು. ತಾಲ್ಲೂಕಿಗೊಬ್ಬ ಹಿರಿಯರನ್ನು ಗುರುತಿಸಿ, ಅವರಿಗೆ ತಿಂಗಳು ತಿಂಗಳು ತಪ್ಪದೆ ತಲುಪುವ ಗೌರವಧನ ಗೊತ್ತುಮಾಡಿ, ಅವರ ಮುಂದೆ ಎಂಟು ಹತ್ತು ಜನಕ್ಕಿಂತ ಹೆಚ್ಚಾಗದಂತೆ ಕಲಿಯುವವರನ್ನು ಕನಿಷ್ಠ ಒಂದು ವರ್ಷ ಕೂರಿಸಬೇಕು. ಸಂಖ್ಯೆ ಇದಕ್ಕಿಂತ ಹೆಚ್ಚಾದರೆ ಒಬ್ಬೊಬ್ಬರ ಸಾಲನ್ನೂ ಹಾಡಿಸಿ ಕೇಳುವುದು ಆಗದು, ಮತ್ತೆ ಉಪನ್ಯಾಸವಾಗುತ್ತದೆ. ತಬಲಾ ಅಥವಾ ದಪ್ಪು ಬಾರಿಸುವವರೊಬ್ಬರು ಕಡ್ಡಾಯವಾಗಿ ಇರಬೇಕು, ಅವರಿಗೂ ಸಂಭಾವನೆ ಕೊಡಬೇಕು. ಹಿರಿಯರಿಗೆ ಬರವಣಿಗೆಯ ರೂಢಿ ಇಲ್ಲದ ಕಡೆ, ಛಂದಸ್ಸು ಬಲ್ಲ ಕನ್ನಡ ಶಿಕ್ಷಕರೊಬ್ಬರು ಜೊತೆಗೆ ಕೂತು ಅವರ ತಿದ್ದುಪಡಿಗಳನ್ನು ಬರೆದಿಟ್ಟುಕೊಂಡರೆ ಶಾಲೆಯ ಪಾಠಕ್ಕೂ ಅದು ಒದಗುತ್ತದೆ. ಈ ಕೆಲಸಕ್ಕೆ ಸಂಭಾವನೆ ಬೇಡವೆನ್ನುವ ಶಿಕ್ಷಕರು ನಮ್ಮಲ್ಲಿ ಇದ್ದಾರೆ. ಗುರುಗಳಲ್ಲಿ ಹೆಂಗಸರೂ ಇರಬೇಕು: ಸೋಬಾನೆ, ಬೀಸುವ ಪದಗಳ ಧಾಟಿ ಬಲ್ಲವರನ್ನು ಬಿಟ್ಟು ಭಜನಾ ಮೇಳದ ಗಂಡಸರನ್ನಷ್ಟೇ ಆರಿಸಿದರೆ ಈ ನೆಲದ ಅರ್ಧದಷ್ಟು ಧಾಟಿಗಳು ಪಟ್ಟಿಯಿಂದಲೇ ಹೊರಗುಳಿಯುತ್ತವೆ. ಪ್ರಮಾಣಪತ್ರ ಕೊಡಬಾರದೆಂಬುದು ನನ್ನ ವೈಯಕ್ತಿಕ ಅಭಿಪ್ರಾಯ. ಅದಕ್ಕಾಗಿ ಬರುವವರು ಬೇರೆ, ಹಾಡಿಗಾಗಿ ಬರುವವರು ಬೇರೆ. ವರ್ಷದ ಕೊನೆಗೆ ಕಟ್ಟಿದ ಪದಗಳಲ್ಲಿ ಗುರುಗಳು ಒಪ್ಪಿದವನ್ನು, 1966ರಿಂದ ಈ ಭಾಗದ ಹಾಡುಗಾರರ ದನಿಯನ್ನು ಮನೆಮನೆಗೆ ಮುಟ್ಟಿಸಿರುವ ಆಕಾಶವಾಣಿ ಕಲಬುರಗಿ ಕೇಂದ್ರ ಧ್ವನಿಮುದ್ರಿಸಿ ಪ್ರಸಾರ ಮಾಡಿದರೆ ಕಲಿತವರಿಗೆ ಅದಕ್ಕಿಂತ ದೊಡ್ಡ ಮನ್ನಣೆ ಬೇಕಿಲ್ಲ.

ಜಾಗದ ಕೊರತೆಯನ್ನು ಇಲಾಖೆ ಕಾರಣವಾಗಿ ಹೇಳಬಾರದೆಂದು ಕೊನೆಗೊಂದು ಸಂಗತಿಯನ್ನು ತಿಳಿಸುತ್ತೇನೆ. ಶನಿವಾರ ಸರ್ಕಾರಿ ಶಾಲೆಗಳು ಬೆಳಿಗ್ಗೆಯೇ ಮುಗಿಯುತ್ತವೆ; ಮಧ್ಯಾಹ್ನದ ಮೇಲೆ ಕೊಠಡಿಗಳು ಖಾಲಿ ಇರುತ್ತವೆ. ನಮ್ಮ ಶಾಲೆಯ ಒಂದು ಕೊಠಡಿಯನ್ನು ಇದಕ್ಕೆ ಬಿಟ್ಟುಕೊಡಲು ಮುಖ್ಯೋಪಾಧ್ಯಾಯರೂ ಶಾಲಾಭಿವೃದ್ಧಿ ಸಮಿತಿಯವರೂ ಒಪ್ಪಿದ್ದಾರೆ. ಬಸ್ಸಿನ ಖರ್ಚು ಮತ್ತು ಗೌರವಧನದ ಆದೇಶವೊಂದು ಬಂದರೆ, ಬರುವ ಶ್ರಾವಣದ ಭಜನೆಗಳು ಮುಗಿದ ಮೇಲೆ ಶನಿವಾರದ ಮಧ್ಯಾಹ್ನಗಳಂದು ಬಂದು ಕೂರಲು ಮುತ್ಯಾ ಸಿದ್ಧರಿದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ಪ್ರೌಢಶಾಲಾ ಕನ್ನಡ ಶಿಕ್ಷಕಿ,
ಕಲಬುರಗಿ